ಹೊಸ ಲೇನ್ ಆಮೇಲೆ, ಮೊದಲು ದಿಬ್ಬ ಸರಿ ಮಾಡೋಣ: ನಮ್ಮ ಶೂಟಿಂಗ್ ರೇಂಜಿನ ಸಮಿತಿಗೂ ಸದಸ್ಯರಿಗೂ ಒಂದು ಬಹಿರಂಗ ಪತ್ರ

ಸಮಿತಿಯ ಎಲ್ಲರಿಗೂ, ರೇಂಜಿಗೆ ಬಂದು ಹೋಗುವ ಎಲ್ಲ ಸದಸ್ಯರಿಗೂ ನಮಸ್ಕಾರ.

ಮುಂದಿನ ಸೀಸನ್ನಿಗೆ ನೀವು ಹಾಕಿರುವ ಕಾರ್ಯಕ್ರಮಗಳ ಪಟ್ಟಿ ನೋಡಿದೆ. ಹೊಸ ಲೇನ್‌ಗಳು, ಸ್ಟೀಲ್ ಟಾರ್ಗೆಟ್ ಪಂದ್ಯ, ಮಕ್ಕಳಿಗೆ ಏರ್ ರೈಫಲ್ ಕ್ಯಾಂಪ್, ಹೊಸಬರಿಗೆ ಒಂದು ದಿನದ ಶಿಬಿರ, ಟ್ರ್ಯಾಪ್ ಶೂಟಿಂಗಿಗೆ (ಗಾಳಿಯಲ್ಲಿ ಹಾರಿಬಿಟ್ಟ ಮಣ್ಣಿನ ತಟ್ಟೆಗೆ ಹೊಡೆಯುವ ಆಟ) ತಟ್ಟೆ ಎಸೆಯುವ ಹೊಸ ಮೆಷಿನ್. ಓದಿ ಖುಷಿಯಾಯಿತು. ಎಲ್ಲರೂ ಸೇರಿ ನಡೆಸುವ ರೇಂಜ್ ಉಳಿಯಬೇಕಾದರೆ ಜನ ಬರಬೇಕು, ಅದರಲ್ಲೂ ಹೊಸಬರು ಬರಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದರೂ ಗುಂಡು ತಡೆಯುವ ದಿಬ್ಬದ ಬಗ್ಗೆ ಒಂದು ಸಾಲು ಸಿಗಲಿಲ್ಲ. ಸೀಸ ತೆಗೆಯುವ ಮಾತಿಲ್ಲ. ಚರಂಡಿಯ ಮಾತಿಲ್ಲ. ಕೊನೆಯಲ್ಲಿ 'ಸಾಮಾನ್ಯ ನಿರ್ವಹಣೆ' ಅಂತ ಎರಡು ಪದ ಇದೆ, ಅದರ ಮುಂದೆ ದಿನಾಂಕವೂ ಇಲ್ಲ, ಯಾರು ಮಾಡಬೇಕು ಅನ್ನುವುದೂ ಇಲ್ಲ.

ನಾನು ಕೇಳುವುದು ಇಷ್ಟೇ. ಹೊಸದು ಯಾವುದನ್ನೇ ಶುರು ಮಾಡುವ ಮೊದಲು ದಿಬ್ಬ ಸರಿ ಮಾಡಿ, ಅದರಲ್ಲಿ ತುಂಬಿರುವ ಸೀಸ ತೆಗೆಸಿ. ಆಮೇಲೆ ಎಷ್ಟು ಪಂದ್ಯ ಬೇಕಾದರೂ ಇಡಿ, ನಾನೇ ಮೊದಲು ಹೆಸರು ಕೊಡುತ್ತೇನೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮುಂದಿನ ಸಲ ರೇಂಜ್ 'ಕೋಲ್ಡ್' ಆದಾಗ, ಅಂದರೆ ಎಲ್ಲರ ಬಂದೂಕೂ ಖಾಲಿಯಾಗಿ ಬೋಲ್ಟ್ (ತೋಟಾ ತುಂಬುವ ಜಾಗ ಮುಚ್ಚುವ ಭಾಗ) ತೆರೆದು ಬೆಂಚಿನ ಮೇಲೆ ಇರುವಾಗ, 50 ಮೀಟರ್ ಲೇನಿನ ಟಾರ್ಗೆಟ್ ಬದಲಿಸಲು ಹೋಗುವವರು ಹಾಗೇ ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿ. ಫೈರಿಂಗ್ ಲೈನಿನಿಂದ, ಅಂದರೆ ನಾವು ಹೊಡೆಯುವ ಜಾಗದಿಂದ, ಏನೂ ಕಾಣುವುದಿಲ್ಲ, ಟಾರ್ಗೆಟ್ ಫ್ರೇಮ್ ಅಡ್ಡ ಇರುತ್ತದೆ. ಫ್ರೇಮಿನ ಹಿಂದೆ, ಪ್ರತಿ ಟಾರ್ಗೆಟ್ಟಿನ ನೇರಕ್ಕೆ, ದಿಬ್ಬದಲ್ಲಿ ಒಂದೊಂದು ಗುಳಿ ಬಿದ್ದಿದೆ. ಕೆಲವು ಮೊಣಕೈವರೆಗೆ ಕೈ ಹೋಗುವಷ್ಟು ಆಳ. (ದಯವಿಟ್ಟು ಕೈ ಹಾಕಬೇಡಿ.) ಗುಳಿಯ ಬಾಯಲ್ಲಿ ಮಣ್ಣು ನುಣ್ಣಗೆ ಪುಡಿಯಾಗಿದೆ, ಒಳಗೆ ಬೂದು ಬಣ್ಣದ ಸೀಸದ ಚೂರುಗಳು ತಾಮ್ರದ ಸಿಪ್ಪೆಗಳ ಜೊತೆ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಿ ಕೂತಿವೆ. ಗುಳಿಯ ಮೇಲಿನ ಮಣ್ಣಿಗೆ ಕೆಳಗೆ ಆಸರೆಯೇ ಇಲ್ಲ, ಹುಲ್ಲಿನ ಬೇರು ಹಿಡಿದುಕೊಂಡು ನೇತಾಡುತ್ತಿದೆ. ಎರಡು ಲೇನುಗಳಲ್ಲಿ ಆ ಮಣ್ಣು ಆಗಲೇ ಕುಸಿದು, ದಿಬ್ಬದ ತಲೆಯೇ ತಗ್ಗಾಗಿದೆ.

ಇದು ಹೇಗೆ ಆಗುತ್ತದೆ ಅನ್ನುವುದು ಹಳಬರಿಗೆಲ್ಲ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ಒಳ್ಳೆ ಶೂಟರ್‌ಗಳು ಒಂದೇ ಜಾಗಕ್ಕೆ ಹೊಡೆಯುತ್ತಾರೆ. ಅದೇ ಈ ಆಟ. 50 ಮೀಟರ್ ರೈಫಲ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಇಡೀ ಟಾರ್ಗೆಟ್ಟಿನ ವೃತ್ತ 154.4 ಮಿಲಿಮೀಟರ್. ಅಂದರೆ ವರ್ಷಗಟ್ಟಲೆ ಹಾರಿದ ಸಾವಿರಾರು ಗುಂಡುಗಳು ಒಂದು ಅಂಗೈ ಅಗಲದ ಮಣ್ಣಿಗೇ ಹೋಗಿ ನಾಟುತ್ತವೆ. ಮೊದಮೊದಲು ಮಣ್ಣು ಅವನ್ನು ನುಂಗಿಕೊಳ್ಳುತ್ತದೆ. ಆಮೇಲೆ ಒಳಗೆ ಮಣ್ಣಿಗಿಂತ ಸೀಸವೇ ಜಾಸ್ತಿಯಾಗುತ್ತದೆ. ಆಗ ಹೊಸ ಗುಂಡು ಬಂದು ಹಳೇ ಗುಂಡಿಗೆ ಬಡಿಯುತ್ತದೆ, ಒಡೆದು ಚೂರಾಗುತ್ತದೆ, ಇಲ್ಲಾ ದಿಕ್ಕು ಬದಲಿಸಿ ಪುಟಿಯುತ್ತದೆ. ಎಲ್ಲಿಗೆ ಪುಟಿಯುತ್ತದೆ ಅಂತ ಯಾರೂ ಹೇಳಲು ಆಗುವುದಿಲ್ಲ. ಗುಂಡನ್ನು ತಡೆಯಲು ಕಟ್ಟಿದ ದಿಬ್ಬವೇ ಗುಂಡನ್ನು ವಾಪಸ್ ಎಸೆಯಲು ಶುರು ಮಾಡುತ್ತದೆ.

ಕೆಲವರು ಹೇಳುತ್ತಾರೆ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಅಂತ. ಆಗಿಲ್ಲ, ನಿಜ. .22 ಬೋರಿನ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ) ತೋಟಾ ಡಬ್ಬಿಗಳನ್ನು ತಿರುಗಿಸಿ ನೋಡಿ, ಎಷ್ಟೋ ಡಬ್ಬಿಗಳ ಮೇಲೆ ಒಂದೂವರೆ ಮೈಲಿವರೆಗೆ ಅಪಾಯ ಅಂತ ಎಚ್ಚರಿಕೆ ಮುದ್ರಿಸಿರುತ್ತಾರೆ. ಎರಡು ಕಿಲೋಮೀಟರಿಗಿಂತ ಜಾಸ್ತಿ ಆಯಿತು. ಮಕ್ಕಳೂ ಹಿಡಿಯಬಹುದಾದ, ಭುಜಕ್ಕೆ ಹೊಡೆತವೇ ಗೊತ್ತಾಗದ ಸಣ್ಣ ತೋಟಾದ ಲೆಕ್ಕ ಇದು. ದೊಡ್ಡ ರೈಫಲ್ ಗುಂಡು 3 ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ದಿಬ್ಬದ ಆಚೆ ಎರಡು ಕಿಲೋಮೀಟರ್ ಒಳಗೆ ಯಾರಿದ್ದಾರೆ, ಏನಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವರು ನಮ್ಮನ್ನು ನಂಬಿ ಅಲ್ಲಿ ಓಡಾಡುತ್ತಿದ್ದಾರೆ.

ದಿಬ್ಬದ ಎತ್ತರದ ಮಾತಿಗೆ ಬಂದರೆ, ಸಾಮಾನ್ಯವಾಗಿ 15ರಿಂದ 20 ಅಡಿ ಇರಬೇಕು ಅನ್ನುತ್ತಾರೆ. ನಮ್ಮದು ಕಟ್ಟಿದಾಗ ಇತ್ತು. ಮಳೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಕೊರೆದುಕೊಂಡು ಹೋಗಿದೆ. ಈಗ ಎಷ್ಟಿದೆ ಅಂತ ಯಾರಾದರೂ ಅಳೆದಿದ್ದೀರಾ? ಒಂದು ಹಗ್ಗ, ಒಂದು ಕೋಲು ಸಾಕು, ಅರ್ಧ ಗಂಟೆಯ ಕೆಲಸ. ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಅಳೆಯಿರಿ. ಎಷ್ಟು ಕರಗಿತು ಅಂತ ಆಗ ತಾನೇ ಗೊತ್ತಾಗುವುದು?

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಟಾರ್ಗೆಟ್ಟಿನ ಎತ್ತರ. ನಿಂತು ಹೊಡೆಯುವವರ ಅನುಕೂಲಕ್ಕೆ ಫ್ರೇಮನ್ನು ಎದೆಮಟ್ಟಕ್ಕೆ ಏರಿಸುತ್ತೇವೆ. ಅವರು ಮುಗಿಸಿ ಹೋದ ಮೇಲೆ ಇನ್ನೊಬ್ಬರು ಬಂದು ಚಾಪೆ ಹಾಸಿ ಅದೇ ಟಾರ್ಗೆಟ್ಟಿಗೆ ಮಲಗಿ ಹೊಡೆಯುತ್ತಾರೆ. ಈಗ ಬಂದೂಕು ನೆಲಮಟ್ಟದಲ್ಲಿದೆ, ಟಾರ್ಗೆಟ್ ಮೇಲಿದೆ, ಗುಂಡು ಮೇಲ್ಮುಖವಾಗಿ ಹೋಗುತ್ತದೆ. ಕಾಗದಕ್ಕೆ ಸರಿಯಾಗಿ ನಡುವಿಗೇ ಬಿತ್ತು, ಹತ್ತು ಅಂಕವೂ ಬಂತು, ಆದರೆ ಅದು ದಿಬ್ಬಕ್ಕೆ ತಾಗಿದ್ದು ಎಲ್ಲಿ? ಫ್ರೇಮ್ ದಿಬ್ಬದಿಂದ ದೂರ ಇದ್ದಷ್ಟೂ ಗುಂಡು ಇನ್ನೂ ಮೇಲಕ್ಕೆ ಏರಿರುತ್ತದೆ. ಶೂಟರ್ ಏನೂ ತಪ್ಪು ಮಾಡಿಲ್ಲ, ಫ್ರೇಮ್ ಇಟ್ಟಿದ್ದು ತಪ್ಪು. ನಿಂತವರಿಗೆ ಒಂದು ಗುರುತು, ಮಲಗಿದವರಿಗೆ ಒಂದು ಗುರುತು, ಮಂಡಿಯೂರಿದವರಿಗೆ ಒಂದು ಗುರುತು ಅಂತ ಫ್ರೇಮಿನ ಕಂಬದ ಮೇಲೆ ಬಣ್ಣದಲ್ಲಿ ಗೆರೆ ಎಳೆದುಬಿಟ್ಟರೆ ಮುಗಿಯಿತು. ಹಾಗೇ ಕಂಬಗಳು ಮರದ್ದೇ ಇರಲಿ. ಯಾರೋ ಗಟ್ಟಿ ಇರಲಿ ಅಂತ ಮೂರು ಫ್ರೇಮುಗಳಿಗೆ ಕಬ್ಬಿಣದ ಪೈಪ್ ಹಾಕಿಸಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೆ ಮರಕ್ಕೆ ಗುಂಡು ಬಿದ್ದರೆ ತೂತು ಬೀಳುತ್ತದೆ, ಕಬ್ಬಿಣದ ಪೈಪಿಗೆ ಓರೆಯಾಗಿ ಬಿದ್ದರೆ ಗುಂಡು ಪಕ್ಕದ ಲೇನಿನ ಕಡೆ ಚಿಮ್ಮುತ್ತದೆ. ಆ ಪೈಪುಗಳನ್ನು ಈ ವಾರವೇ ಕಿತ್ತುಹಾಕಿ.

ಇನ್ನು ಸೀಸ. ಇದರ ಬಗ್ಗೆ ಮಾತೆತ್ತಿದರೆ ನಮ್ಮಲ್ಲೇ ಹಲವರಿಗೆ ಇರಿಸುಮುರಿಸು. ಮಾತೆತ್ತಿದರೆ ರೇಂಜ್ ಮುಚ್ಚಿಸಿಬಿಡುತ್ತಾರೆ ಅನ್ನುವ ಭಯ. ನನಗೆ ಅನ್ನಿಸುವುದು ಪೂರ್ತಿ ಬೇರೆ. ಸೀಸದ ಬಗ್ಗೆ ಲೆಕ್ಕ ಇಟ್ಟ ರೇಂಜನ್ನು ಮುಚ್ಚಿಸುವುದು ಕಷ್ಟ. ಲೆಕ್ಕವೇ ಇಡದ ರೇಂಜನ್ನು ಮುಚ್ಚಿಸಲು ಒಂದು ದೂರು ಸಾಕು.

ಲೆಕ್ಕ ಏನು ದೊಡ್ಡದಲ್ಲ. ಸಾಮಾನ್ಯ .22 ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಒಂದು ದಿನ 30 ಜನ ಬಂದು ತಲಾ 50 ಗುಂಡು ಹೊಡೆದರು ಅಂತ ಇಟ್ಟುಕೊಳ್ಳಿ. 1,500 ಗುಂಡು, 3.9 ಕಿಲೋ ಸೀಸ. ಅದು ಒಂದೇ ದಿನಕ್ಕೆ, ಅದೂ ಸಣ್ಣ ಗುಂಡಿನದು. ಟ್ರ್ಯಾಪ್ ಶೂಟಿಂಗಿನಲ್ಲಿ ಒಂದು ತೋಟಾದಲ್ಲಿ 24 ಗ್ರಾಂ ಚಿಲ್ಲರೆ ಗುಂಡು, ಅಂದರೆ ಸೀಸದ ಸಣ್ಣ ಸಣ್ಣ ಕಾಳು, ಇರುತ್ತದೆ. 25 ಟಾರ್ಗೆಟ್ಟಿನ ಒಂದು ಸುತ್ತಿಗೆ, ಟಾರ್ಗೆಟ್ಟಿಗೆ ಒಂದೇ ತೋಟಾ ಅಂದುಕೊಂಡರೂ, 600 ಗ್ರಾಂ. ಟ್ರ್ಯಾಪಿನಲ್ಲಿ ಒಂದು ಟಾರ್ಗೆಟ್ಟಿಗೆ ಎರಡು ಈಡಿಗೆ ಅವಕಾಶ ಇದೆ, ಹಾಗಾಗಿ ಇನ್ನೂ ಜಾಸ್ತಿಯೇ ಆಗುತ್ತದೆ. ಇದನ್ನೆಲ್ಲ ಇಷ್ಟು ವರ್ಷಗಳಿಗೆ ಗುಣಿಸಿದರೆ ದಿಬ್ಬದಲ್ಲಿ ಏನು ಕೂತಿದೆ ಅಂತ ನೀವೇ ಅಂದಾಜು ಮಾಡಿ.

ಗೇಟಿನ ಹತ್ತಿರ ಇರುವ ರಿಜಿಸ್ಟರಿನಲ್ಲಿ ಈಗ ಹೆಸರು, ಸಮಯ, ಸಹಿ ಮಾತ್ರ ಬರೆಯುತ್ತೇವೆ. ಅದರಲ್ಲಿ ಇನ್ನು ಮೂರು ಕಾಲಂ ಸೇರಿಸಿ. ಯಾವ ಲೇನ್, ಯಾವ ಬೋರ್, ಎಷ್ಟು ಗುಂಡು. ವರ್ಷದ ಕೊನೆಗೆ ಕೂಡಿಸಿದರೆ ಯಾವ ಲೇನಿನ ದಿಬ್ಬವನ್ನು ಯಾವಾಗ ಅಗೆಯಬೇಕು ಅಂತ ಆ ಪುಸ್ತಕವೇ ಹೇಳುತ್ತದೆ. ಒಂದು ಕಡೆಯೇ ಜಾಸ್ತಿ ಗುಂಡು ಹೋಗುತ್ತಿದ್ದರೆ ಲೇನ್ ಬದಲಿಸಲೂ ಬಹುದು.

ಸೀಸ ಮಣ್ಣಿನಲ್ಲಿ ಸುಮ್ನೆ ಬಿದ್ದಿದ್ದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಒಣ ಜಾಗದಲ್ಲಿ, ಹುಳಿ ಇಲ್ಲದ ಮಣ್ಣಿನಲ್ಲಿ ಬೇಗ ಏನೂ ಆಗುವುದಿಲ್ಲ, ಮೇಲೆ ಒಂದು ಬಿಳಿ ಪೊರೆ ಕಟ್ಟಿಕೊಂಡು ನಿಧಾನಕ್ಕೆ ಸವೆಯುತ್ತದೆ. ಮಣ್ಣು ಹುಳಿಯಾಗಿದ್ದರೆ ಮಾತ್ರ ಕರಗುವುದು ಜೋರಾಗುತ್ತದೆ, ನೀರಿನ ಜೊತೆ ಇಳಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊರಾಂಗಣ ರೇಂಜುಗಳಿಗೆ ಹೇಳುವುದು ಏನೆಂದರೆ, ಮಣ್ಣಿನ ಪಿಎಚ್ (ಹುಳಿಯ ಅಳತೆ) 6.5ರಿಂದ 8.5ರ ನಡುವೆ ಇರಲಿ, ಅದಕ್ಕಿಂತ ಕಡಿಮೆ ಇದ್ದರೆ ಸುಣ್ಣ ಹಾಕಿ. ಕೃಷಿಗೆ ಹಾಕುವ ಮಾಮೂಲಿ ಸುಣ್ಣವೇ ಸಾಕು. ಮಣ್ಣು ಪರೀಕ್ಷೆ ಮಾಡಿಸುವುದು ಏನು ಕಷ್ಟ? ದಿಬ್ಬದ ನಾಲ್ಕು ಕಡೆಯಿಂದ ಒಂದೊಂದು ಹಿಡಿ ಮಣ್ಣು, ಚರಂಡಿಯಿಂದ ಒಂದು ಹಿಡಿ. ಅಷ್ಟೇ.

ಚರಂಡಿ ಅಂದಾಗ ನೆನಪಾಯಿತು. ದಿಬ್ಬದ ಬುಡದಲ್ಲಿ ನೀರು ನಿಲ್ಲುತ್ತಿದೆ. ಇದು ಎರಡು ರೀತಿಯಲ್ಲಿ ಕೆಟ್ಟದ್ದು. ನಿಂತ ನೀರಿನ ಮೇಲೆ ಓರೆಯಾಗಿ ಬಿದ್ದ ಗುಂಡು ಪುಟಿಯುತ್ತದೆ. ಆಮೇಲೆ ಆ ನೀರು ತುಂಬಿ ಹರಿದಾಗ ಸೀಸದ ಸಣ್ಣ ಪುಡಿಯನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತದೆ. ನೀರು ನಿಧಾನಕ್ಕೆ ಹೋಗುವ ಹಾಗೆ ಅಡ್ಡಡ್ಡ ಸಣ್ಣ ತಡೆ ಕಟ್ಟಿ, ಹರಿಯುವ ದಾರಿಯಲ್ಲಿ ಹುಲ್ಲು ಬೆಳೆಸಿದರೆ ಪುಡಿ ಅಲ್ಲೇ ಕೂರುತ್ತದೆ. ದಿಬ್ಬದ ಮೇಲೂ ಹುಲ್ಲು ಬೇಕು, ಬೇರು ಮಣ್ಣನ್ನು ಹಿಡಿದಿಡುತ್ತದೆ. ಆದರೆ ಹಕ್ಕಿಗಳು ಕಾಳಿಗೆ ಬರುವಂಥ ಗಿಡ ಬೇಡ. ಕೆಲವು ಹಕ್ಕಿಗಳು ತಿಂದದ್ದನ್ನು ಅರೆದುಕೊಳ್ಳಲು ಸಣ್ಣ ಕಲ್ಲು ನುಂಗುತ್ತವೆ, ಚಿಲ್ಲರೆ ಗುಂಡನ್ನು ಕಲ್ಲು ಅಂತಲೇ ನುಂಗಿಬಿಡುತ್ತವೆ. ಕೆಲವೇ ಗುಂಡು ಹೊಟ್ಟೆಗೆ ಹೋದರೂ ಬಾತುಕೋಳಿಯಂಥ ಹಕ್ಕಿ ಸಾಯುತ್ತದೆ. ನಮ್ಮ ಟ್ರ್ಯಾಪ್ ಮೈದಾನದ ಗುಂಡು ಬೀಳುವ ಜಾಗ ತಗ್ಗು ಪ್ರದೇಶ, ಮಳೆ ಬಂದರೆ ಅಲ್ಲಿ ನೀರು ನಿಂತು ಹಕ್ಕಿಗಳು ಇಳಿಯುತ್ತವೆ. ಹೊಸ ಟ್ರ್ಯಾಪ್ ಮೆಷಿನ್ ತರುವ ಮೊದಲು ಅದನ್ನು ಯೋಚಿಸಿ. ಮೆಷಿನ್ ಮುಖ ಸ್ವಲ್ಪ ತಿರುಗಿಸಿದರೆ ಗುಂಡುಗಳೆಲ್ಲ ಒಣ ಜಾಗದಲ್ಲೇ, ಒಂದೇ ಕಡೆ ಬೀಳುವ ಹಾಗೆ ಮಾಡಬಹುದು. ಆಮೇಲೆ ಗುಡಿಸಿ ತೆಗೆಯುವುದೂ ಸುಲಭ. 1900ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನಲ್ಲಿ ಜೀವಂತ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು. ಅಲ್ಲಿಂದ ಈ ಆಟ ಮಣ್ಣಿನ ತಟ್ಟೆಗೆ ಬಂದಿದೆ. ಹಕ್ಕಿಯನ್ನು ಬಿಟ್ಟು ತಟ್ಟೆ ಹಿಡಿದವರು ನಾವು, ಈಗ ನಾವು ಚೆಲ್ಲಿದ ಸೀಸ ತಿಂದು ಹಕ್ಕಿ ಸಾಯುವುದು ಬೇಡ ಅಲ್ವಾ?

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಮಕ್ಕಳ ಕ್ಯಾಂಪ್. ಕ್ಯಾಂಪ್ ಬೇಕು. ಏರ್ ರೈಫಲ್ಲಿನಲ್ಲಿ ಶುರು ಮಾಡುವುದು ಸರಿಯಾದ ದಾರಿ. 10 ಮೀಟರ್ ದೂರ, 4.5 ಮಿಲಿಮೀಟರಿನ ಪೆಲೆಟ್ ಅನ್ನುವ ಸಣ್ಣ ಸೀಸದ ಗುಂಡು, ಟಾರ್ಗೆಟ್ಟಿನ ನಡುವಿನ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಉಸಿರು ಹಿಡಿಯುವುದು, ಟ್ರಿಗರ್ ಮೇಲೆ ಬೆರಳು ಮೆಲ್ಲಗೆ ಒತ್ತುವುದು, ಹೊಡೆದ ಮೇಲೂ ಕದಲದೆ ನಿಲ್ಲುವುದು, ಇಷ್ಟನ್ನು ಒಂದು ಮಗು ಕಲಿತರೆ ಅದರ ಗಮನ ಎಷ್ಟು ಬದಲಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಆದರೆ ಆ ಮಕ್ಕಳು ನಡೆಯುವ, ಕೂರುವ, ಬಿದ್ದ ಪೆಲೆಟ್ ಹೆಕ್ಕುವ ನೆಲದಲ್ಲಿ ಸೀಸದ ಪುಡಿ ಇರಬಾರದು. ಮಕ್ಕಳ ರಕ್ತದಲ್ಲಿ ಸೀಸ ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಿದುಳಿನ ಬೆಳವಣಿಗೆಗೆ ಹೊಡೆತ ಕೊಡುತ್ತದೆ, ಆಮೇಲೆ ಸರಿ ಮಾಡಲು ಬರುವುದಿಲ್ಲ.

ಸೀಸ ಬರೀ ಗುಂಡಿನಿಂದ ಬರುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನ ತೋಟಾಗಳ ಪ್ರೈಮರಿನಲ್ಲೂ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದು) ಸೀಸದ ಸಂಯುಕ್ತ ಇರುತ್ತದೆ. ಹೊಡೆದಾಗ ಅದು ಹೊಗೆಯಾಗಿ ಮುಖದ ಮುಂದೆಯೇ ಬರುತ್ತದೆ, ಕೈಗೆ, ಅಂಗಿಗೆ, ಬೆಂಚಿಗೆ ಕೂರುತ್ತದೆ. ಹಾಗಾಗಿ ಫೈರಿಂಗ್ ಲೈನಿನಲ್ಲಿ ತಿನ್ನುವುದು, ಕುಡಿಯುವುದು, ಸಿಗರೇಟು ಯಾವುದೂ ಕೂಡದು. ಈ ನಿಯಮ ನಮ್ಮ ಬೋರ್ಡಿನ ಮೇಲೆ ಇದೆ. ಬೋರ್ಡಿನ ಕೆಳಗೇ ನಿಂತು ತಿನ್ನುವವರನ್ನು ನೋಡಿದ್ದೇನೆ, ಅವರಿಗೆ ಯಾರೂ ಹೇಳುವುದಿಲ್ಲ. ಕೈ ತೊಳೆಯಲು ನಲ್ಲಿ ಇದೆ, ಸೋಪು ಇರುವುದಿಲ್ಲ. ಸೋಪಿನ ಜವಾಬ್ದಾರಿ ಯಾರದು ಅಂತ ಒಂದು ಹೆಸರು ಬರೆದು ಅಂಟಿಸಿ. ಮೊದಲು ತಣ್ಣೀರು, ಸೋಪು, ಚೆನ್ನಾಗಿ ಉಜ್ಜಿ ತೊಳೆಯುವುದು. ಆಮೇಲೆ ಮಿಕ್ಕಿದ್ದೆಲ್ಲ. ಮನೆಗೆ ಹೋದ ಮೇಲೆ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ, ಬಟ್ಟೆ ಬೇರೆಯಾಗಿ ಒಗೆಯಿರಿ.

ಮತ್ತು ದಯವಿಟ್ಟು ಫೈರಿಂಗ್ ಲೈನನ್ನು ಒಣ ಪೊರಕೆಯಲ್ಲಿ ಗುಡಿಸುವುದನ್ನು ನಿಲ್ಲಿಸಿ. ಕೆಲಸಕ್ಕೆ ಬರುವವರು ಬೆಳಿಗ್ಗೆ ಮುಖಕ್ಕೆ ಒಂದು ಬಟ್ಟೆಯೂ ಕಟ್ಟಿಕೊಳ್ಳದೆ ಗುಡಿಸುತ್ತಾರೆ, ಬಿಸಿಲಿನಲ್ಲಿ ಆ ಧೂಳು ಎದ್ದು ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ನಾವು ವಾರಕ್ಕೊಮ್ಮೆ ಬಂದು ಹೋಗುವವರು. ಅವರು ದಿನಾ ಅದನ್ನು ಉಸಿರಾಡುವವರು. ಒದ್ದೆ ಮಾಡಿ ಒರೆಸಬೇಕು. ಒಳ್ಳೆ ಮಾಸ್ಕ್, ಕೈಗವಸು ರೇಂಜ್ ಕಡೆಯಿಂದಲೇ ಕೊಡಬೇಕು, ರಕ್ತ ಪರೀಕ್ಷೆಯನ್ನೂ ರೇಂಜೇ ಮಾಡಿಸಬೇಕು. ಇದರಲ್ಲಿ ಚೌಕಾಸಿ ಮಾಡುವಂಥದ್ದು ಏನೂ ಇಲ್ಲ.

ದಿಬ್ಬದ ಕೆಲಸ ಹೇಗೆ ಮಾಡುವುದು ಅಂತ ನನಗೆ ತೋಚಿದ್ದು ಹೇಳುತ್ತೇನೆ. ಎಲ್ಲ ಲೇನನ್ನೂ ಒಂದೇ ಸಲ ಮುಚ್ಚುವುದು ಬೇಡ, ಆದರೆ ಅಗೆಯುವ ಹೊತ್ತಿನಲ್ಲಿ ಪಕ್ಕದ ಲೇನಿನಲ್ಲಿ ಒಂದು ಗುಂಡೂ ಹಾರಬಾರದು, ಶೂಟಿಂಗ್ ನಡೆಯುವಾಗ ಹಾರಿಸುವ ಕೆಂಪು ಬಾವುಟ ಇಳಿದಿರಬೇಕು, ಬಂದೂಕುಗಳು ಚೀಲದಿಂದ ಹೊರಗೇ ಬರಬಾರದು. ಪ್ರತಿ ಗುಳಿಯ ಮಣ್ಣನ್ನು ತೇವ ಮಾಡಿಕೊಂಡು ಅಗೆಯಬೇಕು, ಧೂಳು ಏಳಬಾರದು. ಎರಡು ಜರಡಿ ಬೇಕು, ದೊಡ್ಡ ಕಣ್ಣಿನದು ಒಂದು, ಸಣ್ಣ ಕಣ್ಣಿನದು ಒಂದು. ದೊಡ್ಡದರಲ್ಲಿ ಕಲ್ಲು, ಬೇರು ನಿಲ್ಲುತ್ತವೆ, ಸಣ್ಣದರಲ್ಲಿ ಗುಂಡು, ಚೂರು ನಿಲ್ಲುತ್ತವೆ. ಕಲ್ಲು ಮತ್ತೆ ದಿಬ್ಬಕ್ಕೆ ಹೋಗಬಾರದು, ಗುಂಡು ಬೀಳುವ ಮುಖದಲ್ಲಿ ಒಂದು ಕಲ್ಲೂ ಇರಬಾರದು. ಹಳೇ ಗುಂಡಿಗೆ ಬಡಿದ ಹಾಗೆಯೇ, ಕಲ್ಲಿಗೆ ಬಡಿದ ಗುಂಡೂ ಎತ್ತ ಪುಟಿಯುತ್ತದೆ ಅಂತ ಹೇಳಲು ಆಗುವುದಿಲ್ಲ. ಜರಡಿ ಹಿಡಿದ ಮಣ್ಣನ್ನು ಹಾಗೇ ವಾಪಸ್ ತುಂಬಿ, ಒತ್ತಿ, ಇಳಿಜಾರು ಸರಿ ಮಾಡಿ, ಹುಲ್ಲು ಹಾಕಬೇಕು. ಆ ಮಣ್ಣನ್ನು ರೇಂಜಿನ ಹೊರಗೆ ಎಲ್ಲಿಗೂ, ಯಾರ ತೋಟಕ್ಕೂ ಕೊಡಬಾರದು. ಸಿಕ್ಕ ಸೀಸವನ್ನು ಮುಚ್ಚಳ ಇರುವ ಗಟ್ಟಿ ಡ್ರಮ್ಮಿನಲ್ಲಿ, ಮಳೆ ಬೀಳದ ಕಡೆ ಇಡಬೇಕು. ಡ್ರಮ್ ಪೂರ್ತಿ ತುಂಬಬೇಡಿ, ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಆಮೇಲೆ ಎತ್ತಲು ಆಗುವುದಿಲ್ಲ.

ಸೀಸವನ್ನು ಮರುಬಳಕೆ ಮಾಡುವ ಅಧಿಕೃತ ಕಡೆಗೆ ಮಾರಬಹುದು. ಪೂರ್ತಿ ಖರ್ಚು ಬರದಿದ್ದರೂ ಒಂದು ಪಾಲು ಬರುತ್ತದೆ. 'ದಿಬ್ಬಕ್ಕೆ ದುಡ್ಡಿಲ್ಲ' ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದಲ್ಲ, ಅದಕ್ಕೆ ಉತ್ತರ ದಿಬ್ಬದ ಒಳಗೇ ಇದೆ. ಒಬ್ಬಿಬ್ಬರು ಸದಸ್ಯರು ಆ ಸೀಸವನ್ನು ಮನೆಗೆ ಒಯ್ದು ಕರಗಿಸುತ್ತೇವೆ ಅಂದಿದ್ದರು. ಸೀಸ ಸುಮಾರು 327 ಡಿಗ್ರಿಗೇ ಕರಗುತ್ತದೆ, ಮನೆಯ ಒಲೆಯೂ ಸಾಕಾಗಿಬಿಡುತ್ತದೆ, ಅದೇ ಭಯ ನನಗೆ. ಬೇಡವೇ ಬೇಡ.

ಸ್ಟೀಲ್ ಟಾರ್ಗೆಟ್ ಪಂದ್ಯದ ಬಗ್ಗೆಯೂ ಒಂದು ಮಾತು. ಸ್ಟೀಲಿಗೆ ಗುಂಡು ಬಿದ್ದಾಗ ಬರುವ ಆ 'ಠಣ್' ಸದ್ದಿಗೆ ಹೊಸಬರು ಎಷ್ಟು ಖುಷಿಪಡುತ್ತಾರೆ ಅಂತ ಗೊತ್ತು. ಆದರೆ ಗೋಡೌನಿನಲ್ಲಿ ಇರುವ ಹಳೇ ತಟ್ಟೆಗಳಲ್ಲಿ ಅರ್ಧಕ್ಕರ್ಧ ಕೆಟ್ಟಿವೆ. ಮುಖದ ಮೇಲೆ ಬೆರಳಾಡಿಸಿದರೆ ಕುಳಿಗಳು ಸಿಗುತ್ತವೆ. ನಯವಾದ ಸ್ಟೀಲಿಗೆ ಬಡಿದ ಗುಂಡು ಒಡೆದು ಮುಖದ ಉದ್ದಕ್ಕೂ ಚದುರುತ್ತದೆ. ಕುಳಿ ಬಿದ್ದ ಸ್ಟೀಲಿಗೆ ಬಡಿದರೆ ಆ ಕುಳಿಯೇ ಚೂರನ್ನು ಹೊಡೆದವರ ಕಡೆ ತಿರುಗಿಸುತ್ತದೆ. ಎಆರ್ 500 ದರ್ಜೆಯ ಗಟ್ಟಿ ಸ್ಟೀಲ್ ಬಿಟ್ಟು ಬೇರೆ ಬೇಡ. ಮುಖ ಸ್ವಲ್ಪ ಕೆಳಕ್ಕೆ ಬಾಗಿರಲಿ, ಚೂರು ನೆಲಕ್ಕೆ ಹೋಗಲಿ. ಪಿಸ್ತೂಲಿಗೆ 10 ಗಜ, ರೈಫಲಿಗೆ 100 ಗಜ, ಇದಕ್ಕಿಂತ ಹತ್ತಿರದಿಂದ ಹೊಡೆಯಲು ಯಾರಿಗೂ ಬಿಡಬಾರದು. ನೋಡುವವರಿಗೂ ಕಣ್ಣಿಗೆ ಕನ್ನಡಕ ಕಡ್ಡಾಯ. ಇದಕ್ಕೆ ಹೊಸ ತಟ್ಟೆ ಬೇಕು, ಹೊಸ ತಟ್ಟೆಗೆ ದುಡ್ಡು ಬೇಕು, ಅಲ್ಲಿವರೆಗೆ ಪಂದ್ಯ ಮುಂದಕ್ಕೆ ಹಾಕಿ.

ಕೆಲವು ಸದಸ್ಯರಿಗೂ ಹೇಳುವುದಿದೆ. ಗಾಜಿನ ಬಾಟಲಿ, ಹಳೇ ಟೀವಿ, ಪೇಂಟ್ ಡಬ್ಬ ತಂದು ಹೊಡೆಯುವವರು ದಯವಿಟ್ಟು ನಿಲ್ಲಿಸಿ. ಆ ಗಾಜಿನ ಚೂರು ಮಣ್ಣಿನಲ್ಲಿ ಸೇರಿ ಜರಡಿ ಹಿಡಿಯುವವರ ಕೈ ಕೊಯ್ಯುತ್ತದೆ. ಕಾಗದದ ಟಾರ್ಗೆಟ್ ಮುಗಿದಾಗ ಫ್ರೇಮಿನ ಮೂಲೆಗೇ ಹೊಡೆದು ನೋಡುವವರೂ ಇದ್ದಾರೆ. ನಂಬರ್ ಬೋರ್ಡುಗಳಿಗೆ ತೂತು ಬಿದ್ದಿದ್ದು ಹಾಗೇ ತಾನೇ? ಖಾಲಿ ತೋಟಾಗಳನ್ನು ಹೆಕ್ಕಿ ಡಬ್ಬಕ್ಕೆ ಹಾಕಿ, ಆದರೆ ಸಿಡಿಯದೆ ಉಳಿದ ತೋಟಾವನ್ನು ಆ ಡಬ್ಬಕ್ಕೆ ಹಾಕಬೇಡಿ, ಅದಕ್ಕೆ ಬೇರೆಯೇ ಡಬ್ಬ ಬೇಕು, ಸಮಿತಿ ಅದನ್ನು ಇಡಬೇಕು. ಟ್ರಿಗರ್ ಒತ್ತಿದಾಗ ಬರೀ 'ಟಕ್' ಅಂದರೆ ತಕ್ಷಣ ಬೋಲ್ಟ್ ಎಳೆಯಬೇಡಿ. ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ರೇಂಜ್ ಆಫೀಸರನ್ನು ಕರೆಯಿರಿ. ಸದ್ದು ಮಾಮೂಲಿಗಿಂತ ಮೆತ್ತಗೆ ಬಂದು ಟಾರ್ಗೆಟ್ಟಿನಲ್ಲಿ ತೂತು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳಿಹೋಗುತ್ತದೆ.

ಕಿವಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. .22 ರೈಫಲ್ ಸದ್ದೇ ಸುಮಾರು 140 ಡೆಸಿಬಲ್, ದೊಡ್ಡವು 150 ದಾಟುತ್ತವೆ. ಹಾಳಾದ ಕಿವಿ ವಾಪಸ್ ಬರುವುದಿಲ್ಲ. ಹೊಸಬರ ಶಿಬಿರದಲ್ಲಿ ಕೊಡುವ ಇಯರ್ ಮಫ್‌ಗಳ ಸ್ಪಂಜು ಒಣಗಿ ಬಿರುಕು ಬಿಟ್ಟಿದೆ, ಅವು ಸದ್ದು ತಡೆಯುವುದಿಲ್ಲ. ಸ್ಪಂಜು ಬದಲಿಸಿ, ಒಳಗೆ ಒಂದು ಜೊತೆ ಇಯರ್ ಪ್ಲಗ್ಗೂ ಕೊಡಿ.

ರೇಂಜ್ ಆಫೀಸರ್‌ಗಳ ಬಗ್ಗೆ ನನಗೆ ತುಂಬ ಗೌರವ ಇದೆ. ಸಂಬಳ ಇಲ್ಲದೆ, ಇಡೀ ದಿನ ಬಿಸಿಲಿನಲ್ಲಿ ನಿಂತು, ತಾವು ಒಂದು ಗುಂಡೂ ಹೊಡೆಯದೆ ನಮ್ಮನ್ನು ಕಾಯುತ್ತಾರೆ. ಅವರ ಮೇಲೆ ಹೊಸ ಪಂದ್ಯಗಳ ಭಾರ ಹಾಕುವ ಮೊದಲು ಅವರ ಸಂಖ್ಯೆ ಜಾಸ್ತಿ ಮಾಡಿ. 'ಸ್ಟಾಪ್' ಅಂತ ಯಾರು ಬೇಕಾದರೂ ಕೂಗಬಹುದು ಅನ್ನುವುದನ್ನು ಹೊಸಬರಿಗೆ ಮೊದಲ ಐದು ನಿಮಿಷದಲ್ಲೇ ಕಲಿಸಿ. ಒಂದು ನಾಯಿ ಒಳಗೆ ನುಗ್ಗಿದ್ದನ್ನು ಮೊದಲು ನೋಡುವುದು ಆಫೀಸರೇ ಆಗಿರಬೇಕು ಅಂತೇನಿಲ್ಲ, ಪಕ್ಕದಲ್ಲಿ ಕೂತ ಹುಡುಗಿಯೂ ಆಗಿರಬಹುದು. ಅವಳಿಗೆ ಕೂಗುವ ಧೈರ್ಯ ಇರಬೇಕು, ಕೂಗಿದಾಗ ಎಲ್ಲರೂ ನಿಲ್ಲಿಸಬೇಕು, ತಪ್ಪಾಗಿ ಕೂಗಿದರೂ ಯಾರೂ ಗದರಬಾರದು.

ಹೊಸ ಲೇನ್ ಕಟ್ಟುವಾಗ ಇನ್ನೊಂದು ಕೋರಿಕೆ. ಗಾಲಿಕುರ್ಚಿಯಲ್ಲಿ ಬರುವವರು ಫೈರಿಂಗ್ ಲೈನಿನವರೆಗೆ ಬರಲು ನಮ್ಮಲ್ಲಿ ದಾರಿಯೇ ಇಲ್ಲ, ಎರಡು ಮೆಟ್ಟಿಲು, ಆಮೇಲೆ ಜಲ್ಲಿ. 1976ರಿಂದ ಪ್ಯಾರಾಲಿಂಪಿಕ್ಸಿನಲ್ಲಿ ಶೂಟಿಂಗ್ ಇದೆ. ಕೂತು ಹೊಡೆಯುವವರೂ ನಿಂತು ಹೊಡೆಯುವವರಷ್ಟೇ ನಿಖರವಾಗಿ ಹೊಡೆಯುವ ಆಟ ಇದು, ಇದಕ್ಕಿಂತ ಎಲ್ಲರನ್ನೂ ಸೇರಿಸಿಕೊಳ್ಳಬಹುದಾದ ಆಟ ಕಡಿಮೆ. ಹೇಗೂ ಸಿಮೆಂಟ್ ಕೆಲಸ ನಡೆಯುತ್ತದೆ, ಒಂದು ಇಳಿಜಾರು ದಾರಿ, ಒಂದು ಎತ್ತರ ಬದಲಿಸುವ ಮೇಜು ಸೇರಿಸಿಬಿಡಿ. ಹಾಗೇ 50 ಮೀಟರ್ ಲೇನಿನ ಗಾಳಿ ಬಾವುಟಗಳು ಹರಿದು ದಾರವಾಗಿವೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದ ಪ್ರಕಾರ ಫೈರಿಂಗ್ ಲೈನಿನಿಂದ 10 ಮೀಟರ್ ದೂರದಲ್ಲಿ ಒಂದು, 30 ಮೀಟರ್ ದೂರದಲ್ಲಿ ಒಂದು, 5 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಬಟ್ಟೆ ಪಟ್ಟಿ. ಇಷ್ಟಕ್ಕೆ ಸಮಿತಿ ಬೇಕಾಗಿಲ್ಲ, ಯಾರಾದರೂ ಹೊಲಿದು ತಂದರೆ ಸಾಕು.

ಅಕ್ಕಪಕ್ಕದವರಿಗೂ ಈ ಪತ್ರ ತಲುಪಲಿ ಅಂತ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ನಮ್ಮ ಸದ್ದನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದೀರಿ. ಶೂಟಿಂಗ್ ನಡೆಯುವ ಸಮಯ ನಿಮಗೆ ಮೊದಲೇ ಗೊತ್ತಿರಬೇಕು, ಪಂದ್ಯದ ದಿನಗಳು ಮೊದಲೇ ಗೊತ್ತಿರಬೇಕು, ಹೇಳಿದ ಸಮಯ ಮೀರಿ ಒಂದು ಗುಂಡೂ ಹಾರಬಾರದು. ಮಣ್ಣಿನ, ಚರಂಡಿ ನೀರಿನ ಪರೀಕ್ಷೆಯ ಫಲಿತಾಂಶ ಗೇಟಿನ ಹೊರಗೆ, ನೀವು ಓದುವ ಹಾಗೆ ಅಂಟಿಸಬೇಕು. ಅದನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ.

ಸಮಿತಿಗೆ ಮತ್ತೆ ಹೇಳುತ್ತೇನೆ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಪಂದ್ಯ ಇಟ್ಟರೆ ನೂರು ಜನ ಬರುತ್ತಾರೆ, ಕೆಲಸದ ದಿನ ಇಟ್ಟರೆ ಬೆರಳೆಣಿಕೆಯ ಜನ ಬರುತ್ತಾರೆ, ಅದೂ ಪ್ರತಿ ಸಲ ಅದೇ ಮುಖಗಳು. ಹಾಗಾಗಿ ನಿಮಗೆ ಪಂದ್ಯ ಇಡುವುದೇ ಸುಲಭ ಅನ್ನಿಸಿದ್ದರೆ ಅರ್ಥವಾಗುತ್ತದೆ. ಇದಕ್ಕೊಂದು ದಾರಿ ಇದೆ. ಸದಸ್ಯತ್ವ ನವೀಕರಿಸಬೇಕಾದರೆ ವರ್ಷಕ್ಕೆ ಎರಡು ಕೆಲಸದ ದಿನಗಳಿಗೆ ಬಂದಿರಲೇಬೇಕು ಅಂತ ನಿಯಮ ಮಾಡಿ. ವಯಸ್ಸಾದವರು ಜರಡಿ ಹಿಡಿಯುವುದು ಬೇಡ, ರಿಜಿಸ್ಟರ್ ಕೂಡಿಸಲಿ, ಫ್ರೇಮಿಗೆ ಬಣ್ಣ ಹಚ್ಚಲಿ. ಗರ್ಭಿಣಿಯರು, ಮಕ್ಕಳು ಸೀಸದ ಕೆಲಸದ ಹತ್ತಿರ ಬರುವುದೇ ಬೇಡ. ಮಿಕ್ಕವರಿಗೆಲ್ಲ ಗುದ್ದಲಿ ಹಿಡಿಯಲು ಬರುತ್ತದೆ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ನಾಲ್ಕನ್ನು ಮತಕ್ಕೆ ಹಾಕಿ: ದಿಬ್ಬದ ಕೆಲಸ ಮುಗಿಯುವವರೆಗೆ ಹೊಸ ಲೇನ್ ಮತ್ತು ಸ್ಟೀಲ್ ಪಂದ್ಯ ಮುಂದಕ್ಕೆ, ರಿಜಿಸ್ಟರಿನಲ್ಲಿ ಗುಂಡಿನ ಲೆಕ್ಕ, ಮಣ್ಣು ಮತ್ತು ನೀರಿನ ಪರೀಕ್ಷೆ, ಸದಸ್ಯರಿಗೆ ಕಡ್ಡಾಯ ಕೆಲಸದ ದಿನ. ಮಕ್ಕಳ ಕ್ಯಾಂಪನ್ನು ನಿಲ್ಲಿಸಬೇಕಾಗಿಲ್ಲ, ಏರ್ ರೈಫಲ್ ಲೇನಿನ ನೆಲ ತೊಳೆದು, ಪೆಲೆಟ್ ಹಿಡಿಯುವ ಪೆಟ್ಟಿಗೆಗಳನ್ನು ಬದಲಿಸಿದರೆ ಅದನ್ನು ಹೇಳಿದ ದಿನವೇ ಶುರು ಮಾಡಬಹುದು. ಮತ ಹಾಕುವ ಮೊದಲು ಎಲ್ಲರೂ ಒಮ್ಮೆ ದಿಬ್ಬದವರೆಗೆ ನಡೆದು ಹೋಗಿ ಆ ಗುಳಿಗಳನ್ನು ನೋಡಿ ಬನ್ನಿ. ಮಳೆ ಶುರುವಾಗುವ ಮೊದಲು ಮಣ್ಣು ಕೆಲಸ ಮುಗಿಯಬೇಕು, ಹಾಗಾಗಿ ಸಭೆಯನ್ನು ಬೇಗ ಕರೆಯಿರಿ. ಮೊದಲ ಕೆಲಸದ ದಿನಕ್ಕೆ ಬರುವವರ ಹೆಸರಿನ ಪಟ್ಟಿಯನ್ನು ಗೇಟಿನ ರಿಜಿಸ್ಟರಿನ ಪಕ್ಕದಲ್ಲಿ ಇಟ್ಟಿದ್ದೇನೆ, ಬಂದವರು ಬರೆದು ಹೋಗಿ.

ಇಂತಿ,
ನಿಮ್ಮ ಜೊತೆಗೇ ಗುರಿ ಹಿಡಿಯುವ ಒಬ್ಬ ಸದಸ್ಯ